ಹೆಸರಿಗೆ ಮೊದಲು ಪಾಲಿನ ಲೆಕ್ಕ: ಇಬ್ಬರು ನೆಗೆಣ್ಣಿಯರ ಚಟ್ನಿಪುಡಿ ಪ್ರಕರಣ

(ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೆಯೇ ಬರೆದದ್ದು.)

ಹೆಸರಿನ ಜಗಳ ಬಿಡಿಸಿಕೊಳ್ಳಲು ನನ್ನ ಹತ್ತಿರ ಸಲಹೆಗೆ ಬಂದವರು ಇಬ್ಬರು ನೆಗೆಣ್ಣಿಯರು. ಮೈಸೂರು ಕಡೆ ಓರಗಿತ್ತಿಯರು ಅಂತೀವಲ್ಲ, ಅವರೇ. ಹಾವೇರಿ ಜಿಲ್ಲೆಯ ಒಂದು ಊರು. ಗುರೆಳ್ಳು, ಶೇಂಗಾ, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಗುರೆಳ್ಳಿನದೇ ಜಾಸ್ತಿ ಓಡುವ ಮಾಲು. ವಾಟ್ಸಾಪ್‌ನಲ್ಲಿ ಆರ್ಡರ್, ಬಸ್ಸಿನಲ್ಲಿ ಪಾರ್ಸೆಲ್. ಇಷ್ಟು ದಿನ ಹೆಸರಿಲ್ಲದೆಯೇ ವ್ಯಾಪಾರ ಚೆನ್ನಾಗಿ ನಡೆದಿತ್ತು. ಹುಬ್ಬಳ್ಳಿಯ ಅಂಗಡಿಯವರೊಬ್ಬರು "ಹೆಸರು, ಲೇಬಲ್ ಹಾಕಿ ತನ್ನಿ, ಇಡ್ತೀನಿ" ಅಂದರು ನೋಡಿ, ಅಲ್ಲಿಂದ ಜಗಳ ಶುರು. ನನ್ನ ಹತ್ತಿರ ಬರುವ ಹೊತ್ತಿಗೆ ಒಂದೇ ಅಡುಗೆಮನೆಯಲ್ಲಿ ಮಾತಿಲ್ಲದೆ ಕೆಲಸ. ಏನಾದರೂ ಹೇಳಬೇಕೆಂದರೆ ಮಕ್ಕಳ ಬಾಯಿಂದ.

ಹೊಂದಿಸಿಕೊಡಿ ಅಂತ ಕರೆತಂದವರು ದೊಡ್ಡ ಸೊಸೆಯ ಗಂಡ. ಆದರೆ ಅವರದ್ದೂ ಒಂದು ಪಕ್ಷ ಇತ್ತು. ಸಂಖ್ಯಾಶಾಸ್ತ್ರದವರನ್ನು ಕೇಳಿಕೊಂಡು ಬಂದಿದ್ದರು. ಇಂಗ್ಲಿಷ್ ಅಕ್ಷರಗಳ ಮೊತ್ತ 5 ಬರಬೇಕು, ಅದಕ್ಕೆ ಹೆಸರಿನ ನಡುವೆ ಒಂದು 'ಎಚ್', ಕೊನೆಗೆ ಎರಡು 'ಎ' ಸೇರಿಸಬೇಕು ಅನ್ನುವುದು ಅವರ ಹಠ.

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ.

ದೊಡ್ಡ ಸೊಸೆಗೆ ತೀರಿಹೋದ ಅತ್ತೆಯ ಹೆಸರೇ ಬೇಕು. ಪುಡಿಯ ಹದ ಕಲಿಸಿದ್ದು ಅವರೇ. ಸಣ್ಣ ಸೊಸೆ ಬಿ.ಕಾಂ. ಓದಿದವಳು, ಆರ್ಡರ್, ಪ್ಯಾಕಿಂಗ್, ಹಣಕಾಸು ಎಲ್ಲ ನೋಡುವವಳು. ಅವಳಿಗೆ ತನ್ನ ಮಗಳ ಹೆಸರು ಇಡುವ ಆಸೆ, ಹಿಂದೆ 'ಫುಡ್ಸ್' ಅಂತ ಸೇರಿಸಿ. "ನಿರ್ಮಾ ಅನ್ನೋದೂ ಮಗಳ ಹೆಸರ ಅಲ್ಲೇನ್ರೀ ಮೇಡಂ?" ಅಂದಳು. ಅದು ನಿಜವೇ. 1969ರಲ್ಲಿ ಗುಜರಾತಿನ ಕರ್ಸನ್‌ಭಾಯ್ ಪಟೇಲ್ ತಮ್ಮ ಸೋಪಿನಪುಡಿಗೆ ಮಗಳು ನಿರುಪಮಾಳ ಹೆಸರನ್ನೇ ಚಿಕ್ಕದು ಮಾಡಿ ಇಟ್ಟರು. ಆದರೆ ಅಲ್ಲಿ ಯಜಮಾನ ಒಬ್ಬನೇ, ಮಗಳು ಅವನದೇ. ಇಲ್ಲಿ ಎರಡು ಸಂಸಾರ ಇದೆ ಅಲ್ವಾ?

ಇದೇ ಮಾತು ದೊಡ್ಡ ಸೊಸೆಯ ಬಾಯಲ್ಲಿ ಹೀಗೆ ಬಂತು: "ನೋಡ್ರೀ, ಹುರಿಯಾಕಿ ನಾನು, ಕುಟ್ಟಾಕಿ ನಾನು. ಹೆಸರು ಮಾತ್ರ ಆಕಿ ಮಗಳದು ಅಂದ್ರ ಹೆಂಗ್ರೀ? ನಾಳೆ ಅಂಗಡಿ ಯಾರದು ಅಂತ ಕೇಳಿದ್ರ ನನ್ನ ಮಕ್ಕಳು ಏನ್ ಹೇಳ್ಬೇಕು?"

ಅಲ್ಲಿಗೆ ಹೆಸರಿನ ವಿಷಯ ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಿದೆ. ದುಡ್ಡು ಯಾರ ಖಾತೆಗೆ ಬರುತ್ತದೆ? ಸಣ್ಣ ಸೊಸೆಯ ಫೋನಿಗೆ. ಆಹಾರ ಸುರಕ್ಷತೆಯ ನೋಂದಣಿ ಯಾರ ಹೆಸರಲ್ಲಿದೆ? ದೊಡ್ಡ ಸೊಸೆಯ ಗಂಡನ ಹೆಸರಲ್ಲಿ. ಮಿಕ್ಸರ್, ಸೀಲ್ ಮಾಡುವ ಮಷೀನು ಕೊಂಡದ್ದು ಯಾರು? ಒಂದು ಇವರು, ಒಂದು ಅವರು. ಬರೆದಿಟ್ಟ ಕಾಗದ? ಒಂದೂ ಇಲ್ಲ. ಇಷ್ಟು ದಿನ ಮನೆತನದ ನಂಬಿಕೆಯ ಮೇಲೆ ನಡೆದದ್ದು ಮೊದಲ ಸಲ ಬರಹಕ್ಕೆ ಇಳಿಯುವುದೇ ಪೊಟ್ಟಣದ ಮೇಲಿನ ಹೆಸರಿನಲ್ಲಿ. ಅದಕ್ಕೇ ಅಷ್ಟು ಕಾವು. ಹೆಸರಿಗೆ ಜಗಳವಾಡುವ ಮನೆಗಳಲ್ಲಿ ನಾನು ಕಂಡಂತೆ ಕೆದಕಿದರೆ ಸಿಗುವುದು ಹೆಚ್ಚಾಗಿ ಇದೇ.

ಹಾಗಾಗಿ ಮೊದಲ ಸಲಹೆಯಲ್ಲಿ ಹೆಸರಿನ ಮಾತೇ ಇರಲಿಲ್ಲ. ಪಾಲುದಾರಿಕೆ ಪತ್ರ ಮಾಡಿಸಿಕೊಳ್ಳಿ ಅಂದೆ. ಯಾರದು ಎಷ್ಟು ಪಾಲು, ಹುರಿಯುವ ಕೆಲಸಕ್ಕೆ ತಿಂಗಳಿಗೆ ಎಷ್ಟು, ಲೆಕ್ಕದ ಕೆಲಸಕ್ಕೆ ಎಷ್ಟು, ಇದೆಲ್ಲ ಲಾಭದ ಪಾಲಿಗಿಂತ ಬೇರೆಯಾಗಿ ಬರೆಯಬೇಕು. ಇನ್ನೂ ಒಂದು ಸಾಲು ಇರಲೇಬೇಕು: ಹೆಸರು ಸಂಸ್ಥೆಯದು, ಟ್ರೇಡ್‌ಮಾರ್ಕ್ ಅರ್ಜಿಯೂ (ಬೇರೆಯವರು ಆ ಹೆಸರು ಹಾಕಿಕೊಳ್ಳದ ಹಾಗೆ ನೋಂದಾಯಿಸಿಕೊಳ್ಳುವುದು) ಸಂಸ್ಥೆಯ ಹೆಸರಲ್ಲೇ ಹೋಗಬೇಕು, ಒಬ್ಬರು ಬಿಟ್ಟು ಹೋದರೆ ಆ ಹೆಸರು ಯಾರ ಹತ್ತಿರ ಉಳಿಯುತ್ತದೆ ಅನ್ನುವುದು ಈಗಲೇ ತೀರ್ಮಾನ ಆಗಬೇಕು. ಒಬ್ಬರ ಸ್ವಂತ ಹೆಸರಲ್ಲಿ ಅರ್ಜಿ ಹಾಕಿಬಿಟ್ಟರೆ ಮುಂದೆ ಮನೆ ಒಡೆದಾಗ ಇನ್ನೊಬ್ಬರು ಬರಿಗೈ.

ಎರಡನೇ ಸಲಹೆ ಕೇಳಿದಾಗ ಇಬ್ಬರ ಮುಖವೂ ಸ್ವಲ್ಪ ಸಡಿಲಾಯಿತು. ಒಂದೇ ಹೆಸರಿಗೆ ಯಾಕೆ ಕಚ್ಚಾಡುತ್ತೀರಿ, ನಿಮಗೆ ಬೇಕಾಗಿರುವುದು ಎರಡು ಹೆಸರು ಅಂದೆ. ಸಂಸ್ಥೆಗೊಂದು, ಮಾಲಿಗೊಂದು. ಮೈಸೂರಿನಲ್ಲಿ ಎನ್. ರಂಗರಾವ್ ಅವರು 1948ರಲ್ಲಿ ಶುರು ಮಾಡಿದ ಸಂಸ್ಥೆಗೆ 'ಎನ್. ರಂಗರಾವ್ ಅಂಡ್ ಸನ್ಸ್' ಅಂತಲೇ ಹೆಸರು. ಆದರೆ ಅಂಗಡಿಯಲ್ಲಿ ನಾವು ಕೇಳುವುದು ಸೈಕಲ್ ಅಗರಬತ್ತಿ. ಮನೆತನದ ಹೆಸರು ಸಂಸ್ಥೆಗೆ, ಯಾವ ಊರಿನವರಿಗೂ ಬಾಯಿಗೆ ಬರುವ ಹೆಸರು ಪೊಟ್ಟಣಕ್ಕೆ. ಬ್ಯಾಂಕು, ಬಿಲ್ಲು, ತೆರಿಗೆಯವರಿಗೆ ಸಂಸ್ಥೆಯ ಹೆಸರು ಸಾಕು. ಗಿರಾಕಿಗೆ ಬೇಕಾದದ್ದು ಮಾಲಿನ ಹೆಸರು.

ಅತ್ತೆಯ ಹೆಸರು ಸಂಸ್ಥೆಗೆ ಅಂತ ಬಹುತೇಕ ಒಪ್ಪಿಗೆಯಾಯಿತು. ಆಗ, ಕಾಯ್ದೆಯ ಮಾತಿಗೆಂದು ಜೊತೆಗೆ ಕೂರಿಸಿಕೊಂಡಿದ್ದ ವಕೀಲರು ಒಂದು ವಿಷಯ ತೆಗೆದರು. ಬದುಕಿರುವವರ, ಅಥವಾ ತೀರಿಕೊಂಡು 20 ವರ್ಷ ಆಗದವರ ನಂಟು ಇದೆ ಅಂತ ಸುಳ್ಳು ಸೂಚನೆ ಕೊಡುವಂಥ ಗುರುತಿಗೆ ಒಪ್ಪಿಗೆಪತ್ರ ಕೇಳುವ ಅಧಿಕಾರ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ರಿಜಿಸ್ಟ್ರಾರ್‌ಗೆ ಇದೆ. ಇವರ ನಂಟು ನಿಜವಾದದ್ದೇ. ಆದರೂ ವಾರಸುದಾರರೆಲ್ಲರ ಸಹಿ ಕೈಯಲ್ಲಿದ್ದರೆ ಒಳ್ಳೆಯದು ಅಂದರು. ವಾರಸುದಾರರು ಅಂದರೆ ಇಬ್ಬರು ಗಂಡುಮಕ್ಕಳಷ್ಟೇ ಅಂದುಕೊಂಡಿದ್ದರು ಇವರು. ಗದಗಿಗೆ ಕೊಟ್ಟ ನಾದಿನಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ! ಹೆತ್ತ ತಾಯಿಯ ಹೆಸರು ಅವಳಿಗೂ ಸೇರಿದ್ದು.

ನಾದಿನಿಗೆ ದೊಡ್ಡ ಸೊಸೆಯೇ ಫೋನ್ ಮಾಡಿದಳು. ಆ ಕಡೆಯಿಂದ ಒಪ್ಪಿಗೆ ಬಂತು, ಜೊತೆಗೆ ಒಂದು ಷರತ್ತು. ಅವ್ವನ ಫೋಟೋ ಮಾತ್ರ ಪೊಟ್ಟಣದ ಮೇಲೆ ಬೇಡ. ಪುಡಿ ಮುಗಿದ ಮೇಲೆ ಅದು ಹೋಗುವುದು ಕಸದ ಡಬ್ಬಿಗೆ. ನನಗಂತೂ ಈ ಇಡೀ ಪ್ರಕರಣದಲ್ಲಿ ಅತ್ಯಂತ ತೂಕದ ಮಾತು ಅದೇ ಅನ್ನಿಸಿತು.

ಇನ್ನು ಮಾಲಿನ ಹೆಸರು. ಬರೆದುಕೊಂಡು ಬಂದಿದ್ದ ಪಟ್ಟಿಯಲ್ಲಿ 'ಮನೆರುಚಿ', 'ಶುದ್ಧ', 'ಖಾರ' ಇಂಥವೇ ತುಂಬಿದ್ದವು. ಮಾಲಿನ ಗುಣವನ್ನೋ ಬಗೆಯನ್ನೋ ಸುಮ್ನೆ ಬಣ್ಣಿಸುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ, ಪಕ್ಕದ ಬೀದಿಯವರೂ ನಾಳೆ ಅದನ್ನೇ ಹಾಕಿಕೊಳ್ಳಬಹುದು. ಸಣ್ಣ ಸೊಸೆ 'ಬ್ಯಾಡಗಿ' ಸೇರಿಸೋಣ ಅಂದಳು, ಮೆಣಸಿನಕಾಯಿ ಅಲ್ಲಿಂದಲೇ ತರುವುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಆ ಸೀಮೆಯ ಬೆಳೆಗಾರರ ಸೊತ್ತು, ಒಂದು ಮನೆಯ ಬ್ರ್ಯಾಂಡ್ ಆಗಲಾರದು. ನಿಜವಾಗಿ ಅದನ್ನೇ ಹಾಕುತ್ತಿದ್ದರೆ ಒಳಗೇನಿದೆ ಅನ್ನುವ ಪಟ್ಟಿಯಲ್ಲಿ ಬರೆಯಿರಿ ಅಂದರು ವಕೀಲರು.

ದೇವರ ಹೆಸರಿಟ್ಟರೆ ಯಾರೂ ಕೇಳಲ್ಲ ಅನ್ನುವ ನಂಬಿಕೆ ದೊಡ್ಡ ಸೊಸೆಯ ಗಂಡನದ್ದು. ಅವರಿಗೆ 'ನಂದಿನಿ'ಯ ಕಥೆ ಹೇಳಿದೆವು. ಕರ್ನಾಟಕ ಹಾಲು ಮಹಾಮಂಡಳ ಆ ಹೆಸರು ಬಳಸಲು ಶುರು ಮಾಡಿದ್ದು 1985ರಲ್ಲಿ, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಲ್ಲಿ. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ 2018ರಲ್ಲಿ ಹೋಟೆಲಿನವರ ಪರ ತೀರ್ಪಾಯಿತು, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು. ಗೆದ್ದರು, ಸರಿ. ಚಟ್ನಿಪುಡಿ ಮಾರುವವರಿಗೆ ಅಷ್ಟು ವರ್ಷ ಕೋರ್ಟು ಸುತ್ತಲು ಆಗುತ್ತದಾ? ಅದಕ್ಕೇ ಮೊದಲೇ ಹುಡುಕಿ ನೋಡಬೇಕು. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಕಾಗುಣಿತ ಬೇರೆಯಿದ್ದು ಉಚ್ಚಾರ ಒಂದೇ ಆದರೂ ತಕರಾರು ಬರುತ್ತದೆ, ಹಾಗಾಗಿ ಉಚ್ಚಾರದ ಮೇಲೂ ಹುಡುಕಬೇಕು. ನೋಂದಣಿಗೆ ಮಾಲುಗಳನ್ನು ಸಂಖ್ಯೆ ಕೊಟ್ಟು ವರ್ಗಗಳಾಗಿ ವಿಂಗಡಿಸಿರುತ್ತಾರೆ, ಚಟ್ನಿಪುಡಿ 30ನೇ ವರ್ಗದಲ್ಲಿ ಬರುತ್ತದೆ. ಮುಂದೆ ಉಪ್ಪಿನಕಾಯಿ ಮಾಡುವ ಯೋಚನೆ ಇದ್ದರೆ ಅದು 29ರಲ್ಲಿ, ಶುಲ್ಕವೂ ಬೇರೆ.

ಇಂಗ್ಲಿಷ್ ಅಕ್ಷರದ ವಿಷಯಕ್ಕೆ ವಾದ ಮಾಡಲಿಲ್ಲ. ಪರೀಕ್ಷೆ ಮಾಡಿಸಿದೆ. ನನ್ನೆದುರೇ ಸಣ್ಣ ಸೊಸೆ ಬಸ್‌ಸ್ಟ್ಯಾಂಡಿನ ಪಾರ್ಸೆಲ್ ಗುಮಾಸ್ತರಿಗೆ ಫೋನ್ ಮಾಡಿ ಪಟ್ಟಿಯಲ್ಲಿದ್ದ ಹೆಸರುಗಳನ್ನು ಒಂದೊಂದು ಸಲ ಹೇಳಿದಳು, ಇಂಗ್ಲಿಷಿನಲ್ಲಿ ಬರೆದು ಕಳಿಸಿ ಅಂದಳು. ಹಿಂದೆ ಬಸ್ಸಿನ ಸದ್ದು, ಯಾರೋ ಕೂಗಾಟ. ಗಂಡ ತಂದ 'ಎಚ್' ಸೇರಿದ ಹೆಸರು ವಾಟ್ಸಾಪ್‌ನಲ್ಲಿ ಬಂದಾಗ 'ಎಚ್' ಇರಲಿಲ್ಲ, ಕೊನೆಯ ಎರಡು 'ಎ' ಒಂದಾಗಿತ್ತು. ಮೊತ್ತ 5 ಹೋಗಿ ಇನ್ನೇನೋ ಆಗಿತ್ತು! ಗಿರಾಕಿ ಹೀಗೆ ಟೈಪ್ ಮಾಡಿ ಹುಡುಕಿದರೆ ನೀವು ಸಿಗುವುದೇ ಇಲ್ಲ ಅಂದೆ. ಅವರು ಸುಮ್ಮನಾದರು, ಒಪ್ಪಲಿಲ್ಲ. ಕೊನೆಗೆ, ಹೆಸರು ನಾವು ಆರಿಸೋಣ, ಪೂಜೆಯ ಮುಹೂರ್ತ ನಿಮ್ಮವರು ಇಡಲಿ ಅಂತ ತೀರ್ಮಾನವಾಯಿತು.

ಯಾರ ಮಗಳ ಹೆಸರೂ ಬೇಡ ಅಂದ ಮೇಲೆ ಹೆಸರು ತರುವುದು ಎಲ್ಲಿಂದ? ಲಿಜ್ಜತ್ ಪಾಪಡ್‌ನ ಸುದ್ದಿ ಹೇಳಿದೆ. 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು ಹಪ್ಪಳ ಮಾಡಲು ಶುರು ಮಾಡಿದರು. 'ಲಿಜ್ಜತ್' ಅನ್ನುವ ಹೆಸರು ಬಂದದ್ದು 1962ರಲ್ಲಿ, ತಮ್ಮೊಳಗೇ ಸ್ಪರ್ಧೆ ಇಟ್ಟು. ಬಹುಮಾನ 5 ರೂಪಾಯಿ. ದೊಡ್ಡ ಸೊಸೆ ಅವತ್ತು ಮೊದಲ ಸಲ ನಕ್ಕಳು. "ನಾವೂ ಇಡೂನೇನ?" ಅಂದಳು, ನೇರವಾಗಿ ನೆಗೆಣ್ಣಿಗೆ.

ವಾಟ್ಸಾಪ್ ಗಿರಾಕಿಗಳನ್ನೇ ಕೇಳಿದರು. ಬಂದ ಹೆಸರುಗಳಲ್ಲಿ ಇಬ್ಬರೂ ಆರಿಸಿದ್ದು ಮೂರಕ್ಷರದ್ದು, ಅಡುಗೆಮನೆಯ ಒಂದು ಹಳೇ ಸಾಮಾನಿನ ಹೆಸರು. ಯಾವುದೆಂದು ಇಲ್ಲಿ ಹೇಳಿದರೆ ಗುರುತು ಸಿಕ್ಕಿಬಿಡುತ್ತದೆ. ಅದರ ಕೆಳಗೆ ಮಾಲು ಏನೆಂದು ಸ್ಪಷ್ಟವಾಗಿ ಬರೆಯಲು ಹೇಳಿದೆ: 'ಗುರೆಳ್ಳು ಚಟ್ನಿಪುಡಿ', ಪಕ್ಕದಲ್ಲೇ ಬೆಂಗಳೂರಿನವರಿಗಾಗಿ 'ಹುಚ್ಚೆಳ್ಳು' ಅಂತಲೂ. ಆಹಾರ ಸುರಕ್ಷತೆಯ 14 ಅಂಕಿಯ ಸಂಖ್ಯೆ ಹೇಗೂ ಬೇಕೇ ಬೇಕು. ಅದನ್ನೂ ಈಗ ಸಂಸ್ಥೆಯ ಹೆಸರಿಗೆ ಮಾಡಿಸಿಕೊಳ್ಳಬೇಕು.

ಬಣ್ಣದ ಪೌಚ್ ಸಾವಿರಗಟ್ಟಲೆ ಅಚ್ಚು ಹಾಕಿಸಲು ಹೊರಟಿದ್ದರು, ತಡೆದೆ. ಸದ್ಯಕ್ಕೆ ಸಾದಾ ಪೌಚಿನ ಮೇಲೆ ಸ್ಟಿಕ್ಕರ್ ಸಾಕು. ಅರ್ಜಿಯ ವಿವರ ಟ್ರೇಡ್‌ಮಾರ್ಕ್ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳ ಅವಕಾಶ ಇರುತ್ತದೆ, ಅಷ್ಟರಲ್ಲಿ ಯಾರಾದರೂ ಎದ್ದರೆ ಪೌಚೆಲ್ಲ ದಂಡ. ಅಲ್ಲಿಯವರೆಗೆ ಹೆಸರಿನ ಪಕ್ಕ 'ಟಿಎಂ' ಹಾಕಬಹುದು, ವೃತ್ತದೊಳಗಿನ 'ಆರ್' ಗುರುತು ನೋಂದಣಿ ಆಗುವ ತನಕ ಹಾಕುವಂತಿಲ್ಲ. ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಣ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ 4,500 ರೂ., ಉಳಿದ ಸಂಸ್ಥೆಗಳಿಗೆ 9,000. ಅದಕ್ಕೇ ಮೊದಲು 'ಉದ್ಯಮ್' ನೋಂದಣಿ, ಅಂದರೆ ಸಣ್ಣ ಉದ್ಯಮ ಅನ್ನುವ ಸರ್ಕಾರಿ ದಾಖಲೆ ಮಾಡಿಸಿದರು.

ಅರ್ಜಿ ಈಗ ಚೆನ್ನೈ ಕಚೇರಿಗೆ ಹೋಗಿದೆ, ಕರ್ನಾಟಕದ ಅರ್ಜಿಗಳು ಹೋಗುವುದು ಅಲ್ಲಿಗೇ. ಇಬ್ಬರೂ ಮಾತಾಡುತ್ತಿದ್ದಾರೆ. ಪಾಲುದಾರಿಕೆ ಪತ್ರದಲ್ಲಿ ಪಾಲು ಸಮ ಅಂತ ಬರೆದಾಯಿತು. ಹುರಿಯುವ ಕೆಲಸಕ್ಕೆ ತಿಂಗಳಿಗೆ ಎಷ್ಟು ಅನ್ನುವ ಜಾಗ ಮಾತ್ರ ಇನ್ನೂ ಖಾಲಿ. ಮುಂದಿನ ಭೇಟಿ ಅದಕ್ಕೇ.