ಚಿಟಿಕೆ ಉಪ್ಪಿಗೂ ಅನುಮಾನಕ್ಕೂ ಏನು ನಂಟು?

‘ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್’ ಅಂದರೆ ನಮ್ಮ ‘ಉಪ್ಪು ಖಾರ ಹಚ್ಚಿ ಹೇಳೋದು’ ತಾನೇ ಎಂದು ಕೇಳಿದ್ದೀರಿ. ಅಲ್ಲ, ಹೆಚ್ಚುಕಡಿಮೆ ಉಲ್ಟಾ. ನಮ್ಮಲ್ಲಿ ಉಪ್ಪು ಹಚ್ಚುವವನು ಹೇಳುವವನು. ಅಲ್ಲಿ ಉಪ್ಪು ಕೇಳುವವನ ಕೈಯಲ್ಲಿದೆ. ಪೂರ್ತಿ ನಂಬಬೇಡಿ, ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಿ ಎಂದರ್ಥ.

ಈ ಮಾತಿನ ಮೂಲವನ್ನು ಸಾಮಾನ್ಯವಾಗಿ ರೋಮಿನ ಲೇಖಕ ಪ್ಲಿನಿಯವರೆಗೆ ಒಯ್ಯುತ್ತಾರೆ. ಕ್ರಿ.ಶ. 1ನೇ ಶತಮಾನದ ತನ್ನ ಗ್ರಂಥದಲ್ಲಿ ಆತ ಪಾಂಟಸ್‌ನ (ಈಗಿನ ಟರ್ಕಿಯ ಉತ್ತರ ಭಾಗ) ರಾಜ ಮಿಥ್ರಿಡೇಟಿಸನ ವಿಷದ ಮದ್ದನ್ನು ಬರೆದಿಟ್ಟಿದ್ದಾನೆ: 2 ಒಣ ಅಕ್ರೋಟು, 2 ಅಂಜೂರ, ರೂ ಎಂಬ ಕಹಿ ಗಿಡದ 20 ಎಲೆ. ಎಲ್ಲವನ್ನೂ ಅರೆದು ಒಂದು ಹರಳು ಉಪ್ಪು ಹಾಕಬೇಕು. ಖಾಲಿ ಹೊಟ್ಟೆಯಲ್ಲಿ ತಿಂದರೆ ಆ ದಿನ ಯಾವ ವಿಷವೂ ತಾಗದಂತೆ! (ಇದನ್ನೇ ಮೊದಲು ಉಪ್ಪು ಹಾಕಿಕೊಂಡು ಕೇಳಬೇಕು, ಅಲ್ವಾ?) ಪ್ಲಿನಿ ಹೇಳಿದ್ದು ಬರೀ ಅಡುಗೆಮನೆಯ ಉಪ್ಪು. ಅನುಮಾನದ ಅರ್ಥ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ. ಅಮೆರಿಕದವರು ಈಗಲೂ ‘ಗ್ರೇನ್’ (ಹರಳು) ಎನ್ನುತ್ತಾರೆ, ‘ಪಿಂಚ್’ ಬ್ರಿಟಿಷರದು.