ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡಬೇಕು: ಯಾವ ಕೋರ್ಸ್ ಆರಿಸಲಿ, ಹಣ ಹೇಗೆ ಹೊಂದಿಸಲಿ?

ರ‍್ಯಾಂಕಿಂಗ್ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪವರ್ ಸಿಸ್ಟಮ್ಸ್, ಚಿಪ್ ವಿನ್ಯಾಸ, ಕಂಟ್ರೋಲ್, ಸಿಗ್ನಲ್ ಪ್ರೊಸೆಸಿಂಗ್, ಇವೆಲ್ಲ ಎಲೆಕ್ಟ್ರಿಕಲ್ ಹೆಸರಿನಡಿ ಬಂದರೂ ದಿನನಿತ್ಯದ ಕೆಲಸ ಅಜಗಜಾಂತರ. ಯಾವ ಹೋಮ್‌ವರ್ಕ್ ಮಾಡುವಾಗ ನಿಮಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ? ಅಲ್ಲಿಂದ ಶುರು ಮಾಡಿ.

ಇನ್ನು ಹಣ. ಬರೀ ಕೋರ್ಸ್‌ವರ್ಕ್ ಇರುವ ಮಾಸ್ಟರ್ಸ್‌ಗೆ ಹೆಚ್ಚಾಗಿ ಕೈಯಿಂದಲೇ ಶುಲ್ಕ ಕಟ್ಟಬೇಕಾಗುತ್ತದೆ. ಪ್ರಬಂಧ ಬರೆಯುವ ಮಾಸ್ಟರ್ಸ್‌ಗೆ, ಅದಕ್ಕಿಂತಲೂ ಪಿಎಚ್‌ಡಿಗೆ, ಅಸಿಸ್ಟೆಂಟ್‌ಶಿಪ್ (ವಿಶ್ವವಿದ್ಯಾಲಯದಲ್ಲೇ ಕೆಲಸ ಮಾಡಿ ಶುಲ್ಕ ಮಾಫಿ ಅಥವಾ ಸ್ಟೈಪೆಂಡ್, ಅಂದರೆ ಖರ್ಚಿನ ಹಣ, ಪಡೆಯುವ ಏರ್ಪಾಡು) ಸಿಗುವ ಸಾಧ್ಯತೆ ಜಾಸ್ತಿ. ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಸಾಮಾನ್ಯವಾಗಿ ವಿಭಾಗದ ಕೈಯಲ್ಲಿರುತ್ತದೆ: ಲ್ಯಾಬ್ ನಡೆಸುವುದು, ಉತ್ತರಪತ್ರಿಕೆ ತಿದ್ದುವುದು. ರಿಸರ್ಚ್ ಅಸಿಸ್ಟೆಂಟ್‌ಶಿಪ್‌ನ ಹಣ ಬಹುಪಾಲು ಪ್ರೊಫೆಸರ್ ಅವರ ಪ್ರಾಜೆಕ್ಟ್ ಅನುದಾನದಿಂದ ಬರುತ್ತದೆ; ಅನುದಾನ ಮುಗಿದರೆ ಅದೂ ನಿಲ್ಲಬಹುದು. ಸೀಟು ಸಿಕ್ಕಿತೆಂದರೆ ಹಣವೂ ಸಿಕ್ಕಿತೆಂದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಾಗಾಗಿ ಪ್ರೊಫೆಸರ್‌ಗೆ ಮೊದಲೇ ಬರೆಯಿರಿ. 'ನಿಮ್ಮ ಸಂಶೋಧನೆಯಲ್ಲಿ ಆಸಕ್ತಿಯಿದೆ' ಎಂಬ ಸಾಲು ಯಾರನ್ನೂ ತಟ್ಟುವುದಿಲ್ಲ. 'ನಿಮ್ಮ ಕನ್ವರ್ಟರ್ ಲೇಖನದ ಬೋಡ್ ಪ್ಲಾಟ್‌ನಲ್ಲಿ ಫೇಸ್ ಮಾರ್ಜಿನ್ ಕಡಿಮೆ ಲೋಡ್‌ನಲ್ಲಿ ಏಕೆ ಕುಸಿಯುತ್ತದೆ? ನಾನು ಸಿಮ್ಯುಲೇಟ್ ಮಾಡಿದಾಗಲೂ ಹಾಗೇ ಬಂತು' ಎಂದು, ಅವರ ಲೇಖನವನ್ನು ನಿಜಕ್ಕೂ ಓದಿದ್ದು ಕಾಣುವಂತೆ ಬರೆದರೆ ಉತ್ತರ ಬರುವ ಸಂಭವ ಹೆಚ್ಚು.

ಆಫರ್ ಬಂದಾಗ ಲಿಖಿತವಾಗಿ ಕೇಳಿ: ಎಷ್ಟು ಸೆಮಿಸ್ಟರ್‌ಗೆ? ಬೋಧನಾ ಶುಲ್ಕ ಪೂರ್ತಿ ಮಾಫಿಯೋ, ಬರೀ ಸ್ಟೈಪೆಂಡೋ? ಇತರ ಶುಲ್ಕ, ವಿಮೆ ಯಾರ ತಲೆಗೆ? ಕೆಲಸದಲ್ಲಿದ್ದರೆ ಕಂಪನಿಯ ನೆರವನ್ನೂ ವಿಚಾರಿಸಿ, ಆದರೆ ಓದಿದ ಮೇಲೆ ಎಷ್ಟು ವರ್ಷ ಅಲ್ಲೇ ದುಡಿಯಬೇಕೆಂಬ ಷರತ್ತನ್ನು ಓದಿಯೇ ಸಹಿ ಹಾಕಿ.