ರಣಹದ್ದು ಹೋದರೆ ನಮಗೇನು?

ಓದುಗರ ಪತ್ರ: ಡೈನೋಸಾರ್‌ಗಳೇ ಅಳಿದುಹೋದವು. ಹುಟ್ಟಿದ ಜೀವಿ ಒಂದು ದಿನ ಹೋಗಲೇಬೇಕು. ಒಂದು ಹಕ್ಕಿಯೋ ಕಪ್ಪೆಯೋ ಇಲ್ಲವಾದರೆ ನಮಗೇನು ನಷ್ಟ? ನಿಮ್ಮ ಪತ್ರಿಕೆ ಸುಮ್ನೆ ಹೆದರಿಸುತ್ತಿದೆ.

ಸಂಪಾದಕರ ಉತ್ತರ: ಜೀವಿಗಳು ಹಿಂದೆಯೂ ಅಳಿದಿವೆ, ಒಪ್ಪುತ್ತೇವೆ. ಆದರೆ ಡೈನೋಸಾರ್‌ಗಳು ಹೋದ ಮೇಲೆ ಭೂಮಿ ಚೇತರಿಸಿಕೊಳ್ಳಲು ಲಕ್ಷಾಂತರ ವರ್ಷ ಹಿಡಿಯಿತು. ಅಷ್ಟು ಕಾಲ ಕಾಯಲು ನಮ್ಮಿಂದಾಗುತ್ತದೆಯೇ?

ನಷ್ಟವೇನು ಎಂದು ಕೇಳಿದ್ದೀರಿ. ಭಾರತದ ರಣಹದ್ದುಗಳನ್ನೇ ನೋಡಿ. 1990ರ ದಶಕದಲ್ಲಿ ಅವು ಗುಂಪುಗುಂಪಾಗಿ ಸಾಯತೊಡಗಿದವು. ಯಾವುದೋ ರೋಗ ಇರಬೇಕು ಎಂದುಕೊಂಡವರೇ ಜಾಸ್ತಿ. ನಿಜವಾದ ಕಾರಣ ಬಯಲಾದದ್ದು 2004ರಲ್ಲಿ: ಡೈಕ್ಲೋಫೆನಾಕ್, ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ. ಇಂಜೆಕ್ಷನ್ ಕೊಟ್ಟ ಸ್ವಲ್ಪ ದಿನದಲ್ಲೇ ದನ ಸತ್ತರೆ ಔಷಧಿ ಅದರ ಮೈಯಲ್ಲೇ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಕಿಡ್ನಿ ಕೈಕೊಡುತ್ತದೆ. ಯೂರಿಕ್ ಆಮ್ಲ ಹೊರಗೆ ಹೋಗದೆ, ಹೃದಯ, ಪಿತ್ತಜನಕಾಂಗದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕೂರುತ್ತದೆ. 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಇಲ್ಲವಾದವು.

ಸತ್ತ ದನಗಳೇನೋ ಬೀಳುತ್ತಲೇ ಇದ್ದವು. ತಿನ್ನುವ ಹಕ್ಕಿ ಇರಲಿಲ್ಲ. ಕೊಳೆಯುವ ಮಾಂಸ ನಾಯಿಗಳ ಪಾಲಾಯಿತು. ನಾಯಿ ಹೆಚ್ಚಿದಲ್ಲಿ ರೇಬಿಸ್ ಭಯವೂ ಹೆಚ್ಚುತ್ತದೆ ಅಲ್ವಾ? ನಷ್ಟ ಯಾರದು, ನೀವೇ ಹೇಳಿ.

ನಮ್ಮನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಇಲ್ಲಿ ಯಾರೂ ರಣಹದ್ದನ್ನು ಕೊಲ್ಲಲು ಹೊರಟಿರಲಿಲ್ಲ. ಔಷಧಿ ಕೊಟ್ಟವರು ದನದ ನೋವು ಕಡಿಮೆ ಮಾಡಲು ಹೋದವರು. ಉಳಿದ ಕಡೆಯೂ ಹೀಗೇ. ಕಾಡು ಕಡಿಯುವವನಿಗೆ ಹೊಲ ಬೇಕು, ಜೌಗು ಮುಚ್ಚುವವನಿಗೆ ಮನೆ ಬೇಕು. ಯಾರಿಗೂ ಕೆಟ್ಟದ್ದು ಮಾಡುವ ಮನಸ್ಸಿಲ್ಲ. ವಿಶ್ವಸಂಸ್ಥೆಯ ಬೆಂಬಲದಿಂದ ಬಂದ 2019ರ ವರದಿಯ ಪ್ರಕಾರ ಸುಮಾರು 10 ಲಕ್ಷ ಪ್ರಭೇದಗಳು ಅಳಿವಿನ ಅಂಚಿನತ್ತ ಸಾಗುತ್ತಿವೆ. ನೆಲದ ಮೇಲೆ ದೊಡ್ಡ ಕಾರಣ, ನಾವು ಜಾಗ ಬಳಸುವ ರೀತಿ. ಕಡಲಲ್ಲಿ, ಮಿತಿಮೀರಿದ ಮೀನುಗಾರಿಕೆ.

ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ಬಂದ ಅದೇ ಔಷಧಿಯ ದೊಡ್ಡ ಬಾಟಲಿಗಳು ಕದ್ದುಮುಚ್ಚಿ ದನಗಳಿಗೆ ಹೋಗುತ್ತಿದ್ದವು. 2015ರಲ್ಲಿ ಅವಕ್ಕೂ ತಡೆ ಬಿತ್ತು. ರಣಹದ್ದಿಗೆ ಅಪಾಯ ಮಾಡದ ನೋವಿನ ಔಷಧಿ ಮೆಲಾಕ್ಸಿಕಮ್ ಇದೆ. ಆದರೂ ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಳೆದುಕೊಂಡಷ್ಟು ಬೇಗ ಸಂಖ್ಯೆ ಮರಳುವುದಿಲ್ಲ.

ಇದನ್ನು ಬರೆಯುವುದು ಹೆದರಿಸಲು ಅಲ್ಲ. ದನಗಳ ಹೊಸ ಔಷಧಿ ಅಂಗಡಿಗೆ ಬರುವ ಮೊದಲೇ ರಣಹದ್ದಿಗೆ ಅಪಾಯವಿದೆಯೇ ಎಂದು ಪರೀಕ್ಷೆ ಆಗಲಿ ಎಂಬುದು ನಮ್ಮ ಒತ್ತಾಯ. ಅದು ಕಡ್ಡಾಯ ಆಗುವವರೆಗೂ ಬರೆಯುತ್ತೇವೆ.